ಕವಿ ಡೀನ್ ಅಟ್ಟಾ: ಮಕ್ಕಳೂ ಹೆತ್ತವರೂ ಪದೇ ಪದೇ ಕೇಳುವ ಪ್ರಶ್ನೆಗಳು

ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದ ಮೇಲೆ ಶನಿವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಹತ್ತು ಹನ್ನೆರಡು ಹುಡುಗ ಹುಡುಗಿಯರ ಜೊತೆ ಕೂತು ಓದುತ್ತೇನೆ. ಎಲ್ಲರೂ ಹದಿನಾರರ ಆಸುಪಾಸಿನವರು. ಎರಡು ಮಳೆಗಾಲದ ಹಿಂದೆ ಅವರಲ್ಲೊಬ್ಬಳು ಬ್ರಿಟನ್ನಿನ ಕವಿ ಡೀನ್ ಅಟ್ಟಾ ಅವರ ಪುಸ್ತಕವೊಂದನ್ನು ತಂದಳು. ಅಂದಿನಿಂದ ಪ್ರಶ್ನೆಗಳು ನಿಂತಿಲ್ಲ. ಕೆಲವು ಮಕ್ಕಳವು, ಹೆಚ್ಚಿನವು ಅಪ್ಪ ಅಮ್ಮಂದಿರವು, ಒಂದಷ್ಟು ನನ್ನ ಹಳೆಯ ಸಹೋದ್ಯೋಗಿಗಳವು. ಫೋನಿನಲ್ಲಿ ಒಂದೇ ಮಾತನ್ನು ಹತ್ತು ಸಲ ಹೇಳಿ ಗಂಟಲು ಒಣಗಿಸಿಕೊಳ್ಳುವುದಕ್ಕಿಂತ ಬರೆದಿಡುವುದು ವಾಸಿ ಅನ್ನಿಸಿತು.

ಡೀನ್ ಅಟ್ಟಾ ಯಾರು?

1984ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಕವಿ. ಮನೆತನದ ಒಂದು ಕವಲು ಸೈಪ್ರಸ್ಸಿನ ಗ್ರೀಕರದು, ಇನ್ನೊಂದು ಜಮೈಕಾದ ಕಪ್ಪು ಜನರದು. ಬ್ರೈಟನ್ ಊರಿನ ಪಕ್ಕದ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರ ಮತ್ತು ಇಂಗ್ಲಿಷ್ ಓದಿದವರು. ಗೇ, ಅಂದರೆ ಗಂಡನ್ನೇ ಪ್ರೀತಿಸುವ ಗಂಡು, ಎಂದು ತಮ್ಮನ್ನು ಬಹಿರಂಗವಾಗಿ ಕರೆದುಕೊಳ್ಳುವವರು. ಮೊದಲು ಹೆಸರು ಮಾಡಿದ್ದು ವೇದಿಕೆಯ ಮೇಲೆ ನಿಂತು ಕವಿತೆ ಹೇಳುವ ಕವಿಯಾಗಿ. ಹದಿಹರೆಯದವರಿಗಾಗಿ ಅವರು ಬರೆದ ‘ದಿ ಬ್ಲ್ಯಾಕ್ ಫ್ಲೆಮಿಂಗೊ’ 2019ರಲ್ಲಿ ಬಂತು. ಫ್ಲೆಮಿಂಗೊ ಎಂದರೆ ಉದ್ದ ಕಾಲಿನ ನಸುಗೆಂಪು ನೀರುಹಕ್ಕಿ. ನಮ್ಮ ಜಗಲಿಗೆ ಬಂದದ್ದು ಅದೇ ಪುಸ್ತಕ.

ಸೈಪ್ರಸ್ 1960ರವರೆಗೆ, ಜಮೈಕಾ 1962ರವರೆಗೆ ಬ್ರಿಟಿಷರ ಆಳ್ವಿಕೆಯಲ್ಲಿದ್ದವು. ಎರಡು ದೂರದ ದ್ವೀಪಗಳ ಜನ ಲಂಡನ್ನಿನಲ್ಲಿ ಸೇರಿ ಒಂದು ಮನೆಯಾಗುವುದು ಆಕಸ್ಮಿಕವೇನಲ್ಲ, ಆಳಿದವನ ಊರಿಗೆ ಆಳಿಸಿಕೊಂಡವರು ಕೆಲಸ ಹುಡುಕಿ ಬಂದರು, ಅಷ್ಟೆ. ಈ ಹಿನ್ನೆಲೆಯನ್ನು ಅಟ್ಟಾ ಎಲ್ಲಿಯೂ ಪಾಠದ ಹಾಗೆ ಹೇಳುವುದಿಲ್ಲ. ಅಡುಗೆಮನೆಯ ವಾಸನೆಯಲ್ಲಿ, ಅಜ್ಜಿಯರ ಮಾತಿನ ಧಾಟಿಯಲ್ಲಿ ಅದು ತಾನಾಗಿ ಬರುತ್ತದೆ.

ಅವರು ಮೊದಲಿನಿಂದಲೂ ಮಕ್ಕಳಿಗಾಗಿ ಬರೆಯುತ್ತಿದ್ದರೇ?

ಇಲ್ಲ. ಅವರ ಹೆಸರು ಮನೆಮಾತಾದದ್ದು ಒಂದು ಸಿಟ್ಟಿನ ಕವಿತೆಯಿಂದ. ಅದರ ಹಿಂದಿನ ಕಥೆ ಗೊತ್ತಿಲ್ಲದೆ ಕವಿತೆ ದಕ್ಕುವುದಿಲ್ಲ.

1993ರ ಏಪ್ರಿಲ್ 22ರ ರಾತ್ರಿ ಆಗ್ನೇಯ ಲಂಡನ್ನಿನ ಎಲ್ಥಮ್‌ನಲ್ಲಿ ಬಸ್ಸಿಗೆ ಕಾಯುತ್ತಿದ್ದ ಸ್ಟೀಫನ್ ಲಾರೆನ್ಸ್ ಎಂಬ ಹದಿನೆಂಟರ ಕಪ್ಪು ಹುಡುಗನನ್ನು ಬಿಳಿಯ ಹುಡುಗರ ಗುಂಪೊಂದು ಇರಿದು ಕೊಂದಿತು. ಪೊಲೀಸರು ತನಿಖೆಯನ್ನು ಕೆಡಿಸಿದರು. 1999ರಲ್ಲಿ ಬಂದ ಮ್ಯಾಕ್‌ಫರ್ಸನ್ ವರದಿ ಲಂಡನ್ ಪೊಲೀಸ್ ವ್ಯವಸ್ಥೆಯೊಳಗೇ ಜನಾಂಗ ದ್ವೇಷ ಬೇರುಬಿಟ್ಟಿದೆ ಎಂದಿತು. ಇಬ್ಬರಿಗೆ ಶಿಕ್ಷೆಯಾದದ್ದು 2012ರ ಜನವರಿಯಲ್ಲಿ, ಕೊಲೆಯಾಗಿ ಹದಿನೆಂಟು ವರ್ಷ ಕಳೆದ ಮೇಲೆ. ಅಂದರೆ ಆ ಹುಡುಗ ಎಷ್ಟು ವರ್ಷ ಬದುಕಿದ್ದನೋ ಹೆಚ್ಚುಕಡಿಮೆ ಅಷ್ಟೇ ವರ್ಷ.

ಆ ತೀರ್ಪು ಬಂದ ದಿನಗಳಲ್ಲಿ ಅಟ್ಟಾ ಬರೆದ ಕವಿತೆ ಅಂತರ್ಜಾಲದಲ್ಲಿ ಕಾಡ್ಗಿಚ್ಚಿನ ಹಾಗೆ ಹಬ್ಬಿತು. 2013ರಲ್ಲಿ ಬಂದ ಮೊದಲ ಸಂಕಲನಕ್ಕೂ ಅದೇ ಕವಿತೆಯ ಹೆಸರು.

ಆ ಹೆಸರಿನಲ್ಲೇ ಒಂದು ಕೆಟ್ಟ ಪದ ಇದೆಯಲ್ಲ? ಮಕ್ಕಳ ಮುಂದೆ ಓದುವುದು ಹೇಗೆ?

ಇದೆ. ಗುಲಾಮಗಿರಿಯ ಕಾಲದಿಂದ ಕಪ್ಪು ಜನರನ್ನು ಹೀಯಾಳಿಸಲು ಬಳಸಿದ, ಎನ್ ಅಕ್ಷರದಿಂದ ಶುರುವಾಗುವ ಪದ. ‘ನಾನು ಯಾರ ಪಾಲಿಗೂ ಅದಲ್ಲ’ ಎನ್ನುತ್ತದೆ ಶೀರ್ಷಿಕೆ. ಕವಿತೆ ಮಾತನಾಡುವುದು ಬಿಳಿಯರ ಜೊತೆಗಲ್ಲ. ಆ ಪದವನ್ನು ಗೆಳೆತನದ ಕರೆಯ ಹಾಗೆ ಹಾಡಿನಲ್ಲಿ ಎಸೆದಾಡುವ ತನ್ನವರೇ ಆದ ರ‍್ಯಾಪ್ ಗಾಯಕರ ಜೊತೆ. ಸ್ಟೀಫನ್ ಸಾಯುವ ಮುನ್ನ ಕಿವಿಗೆ ಬಿದ್ದ ಕೊನೆಯ ಮಾತುಗಳಲ್ಲಿ ಅದೂ ಒಂದಿರಬಹುದು, ಅದನ್ನು ನೀವು ಲಯಕ್ಕೆ ಬಳಸುತ್ತೀರಾ ಎಂಬುದು ಅದರ ತಕರಾರು.

ನಾನು ಓದುವಾಗ ಆ ಪದ ಬಂದಲ್ಲಿ ನಿಲ್ಲುತ್ತೇನೆ, ಒಂದು ಉಸಿರು ಬಿಟ್ಟು ಮುಂದಕ್ಕೆ ಹೋಗುತ್ತೇನೆ. ಅದು ನನ್ನ ಬಾಯಿಯ ಪದವಲ್ಲ. ಮೊದಲ ಸಲ ಹೀಗೆ ಮಾಡಿದಾಗ ಒಬ್ಬ ಹುಡುಗ, “ಟೀಚರ್, ನಮ್ಮ ಕಡೆ ಅಂಥ ಪದಗಳನ್ನು ನಿಲ್ಲಿಸದೆ ಹೇಳುತ್ತಾರಲ್ಲ” ಎಂದ. ಯಾವ ಪದಗಳು ಎಂದು ಅವನು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಆ ಮಾತಿನಿಂದ ನನಗೆ ನೆನಪಾದದ್ದು ಸಿದ್ಧಲಿಂಗಯ್ಯನವರು. 1975ರಲ್ಲಿ ತಮ್ಮ ಮೊದಲ ಸಂಕಲನಕ್ಕೆ ‘ಹೊಲೆಮಾದಿಗರ ಹಾಡು’ ಎಂದು ಹೆಸರಿಟ್ಟರು. ಊರು ಬೈಗುಳ ಮಾಡಿಕೊಂಡಿದ್ದ ಹೆಸರನ್ನು ತಾವೇ ಎತ್ತಿ ಪುಸ್ತಕದ ಹಣೆಯ ಮೇಲೆ ಬರೆದರು. ಅಟ್ಟಾ ಮಾಡಿದ್ದು ಇದರ ತಿರುವುಮುರುವು, ಆ ಹೆಸರಿಗೆ ನಾನು ಓಗೊಡುವುದಿಲ್ಲ ಎಂದರು. ಒಬ್ಬರು ಹೆಸರನ್ನು ಕಸಿದುಕೊಂಡರು, ಇನ್ನೊಬ್ಬರು ತಿರಸ್ಕರಿಸಿದರು. ಇಬ್ಬರ ಜಗಳವೂ ಒಂದೇ: ನನ್ನನ್ನು ಏನೆಂದು ಕರೆಯಬೇಕು ಎನ್ನುವುದನ್ನು ತೀರ್ಮಾನಿಸಲು ನೀನು ಯಾರು? ಅಟ್ಟಾ ಅವರ ಎಲ್ಲ ಬರವಣಿಗೆಯನ್ನೂ ನಾನು ಓದುವುದು ಈ ಪ್ರಶ್ನೆಯ ಬೆಳಕಿನಲ್ಲಿ. ಬೇರೆಯವರು ಬೇರೆ ರೀತಿ ಓದಬಹುದು.

‘ದಿ ಬ್ಲ್ಯಾಕ್ ಫ್ಲೆಮಿಂಗೊ’ ಕಥೆ ಏನು?

ಮೈಕಲ್ ಎಂಬ ಹುಡುಗ ಲಂಡನ್ನಿನಲ್ಲಿ ಬೆಳೆಯುತ್ತಾನೆ. ಅಮ್ಮ ಗ್ರೀಕ್ ಸೈಪ್ರಸ್ ಕಡೆಯವಳು, ಅಪ್ಪ ಜಮೈಕಾ ಕಡೆಯವನು, ಅಪ್ಪ ಮನೆಯಲ್ಲಿಲ್ಲ. ಆರನೆಯ ಹುಟ್ಟುಹಬ್ಬಕ್ಕೆ ಬಾರ್ಬಿ ಗೊಂಬೆ ಬೇಕು ಎಂದರೆ ಸಿಗುವುದು ಕಾರ್ಟೂನಿನ ನಿಂಜಾ ಆಮೆಯ ಗೊಂಬೆ. ಗೊಂಬೆಯ ಅಂಗಡಿಯಲ್ಲೇ ಹುಡುಗರಿಗೆ ಒಂದು ಸಾಲು, ಹುಡುಗಿಯರಿಗೆ ಒಂದು ಸಾಲು ಎಂದು ಅವನಿಗೆ ಅರ್ಥವಾಗುತ್ತದೆ. ಶಾಲೆ, ಗೆಳತಿ ಡೇಸಿ, ಗೇ ಎಂದು ಹೇಳಿಕೊಳ್ಳುವ ಹೊತ್ತು, ಸೈಪ್ರಸ್ಸಿನ ಅಜ್ಜ ಅಜ್ಜಿಯ ಮನೆ, ಆಮೇಲೆ ಬ್ರೈಟನ್ನಿನ ವಿಶ್ವವಿದ್ಯಾಲಯ. ಅಲ್ಲಿ ಮೊದಲ ದಿನಗಳಲ್ಲಿ ಯಾವ ಗುಂಪಿಗೆ ಸೇರುವುದು ಎಂದು ಅಲೆಯುತ್ತಾನೆ. ಗ್ರೀಕರ ಪಾಲಿಗೆ ಸಾಕಷ್ಟು ಗ್ರೀಕನಲ್ಲ, ಕಪ್ಪು ಜನರ ಪಾಲಿಗೆ ಸಾಕಷ್ಟು ಕಪ್ಪಲ್ಲ, ಗೇ ಗುಂಪಿನಲ್ಲಿ ಇನ್ನೊಂದು ಬಗೆಯ ಮುಜುಗರ. ಕೊನೆಗೆ ಡ್ರ್ಯಾಗ್ ಎಂಬ ವೇಷದ ಕಲೆಯನ್ನು (ಅದರ ವಿವರ ಮುಂದೆ ಇದೆ) ಕಲಿಸುವ ವಿದ್ಯಾರ್ಥಿ ಸಂಘವೊಂದರ ಮೇಜಿನ ಮುಂದೆ ನಿಲ್ಲುತ್ತಾನೆ. ವೇದಿಕೆ ಏರುವಾಗ ತಾನೇ ಇಟ್ಟುಕೊಳ್ಳುವ ಹೆಸರು ಕಪ್ಪು ಫ್ಲೆಮಿಂಗೊ.

ಕಥೆಯ ಉಳಿದದ್ದನ್ನು ಹೇಳುವುದಿಲ್ಲ. ಅದು ದೊಡ್ಡ ತಿರುವುಗಳ ಕಥೆಯಲ್ಲ. ಓದಿ ಮುಗಿಸಿದ ಮೇಲೆ ನೆನಪಿನಲ್ಲಿ ಉಳಿಯುವುದು ಸಣ್ಣ ಸಣ್ಣ ಅವಮಾನಗಳು, ಸಣ್ಣ ಸಣ್ಣ ಬಿಡುಗಡೆಗಳು.

ಕಪ್ಪು ಫ್ಲೆಮಿಂಗೊ ನಿಜವಾಗಿಯೂ ಇದೆಯೇ?

2015ರ ಏಪ್ರಿಲ್‌ನಲ್ಲಿ ಸೈಪ್ರಸ್ಸಿನ ಅಕ್ರೊತಿರಿ ಉಪ್ಪಿನ ಸರೋವರದಲ್ಲಿ ನಸುಗೆಂಪು ಹಕ್ಕಿಗಳ ಹಿಂಡಿನ ನಡುವೆ ಒಂದು ಕಪ್ಪು ಫ್ಲೆಮಿಂಗೊ ಕಾಣಿಸಿ ಪತ್ರಿಕೆಗಳಲ್ಲಿ ಸುದ್ದಿಯಾಗಿತ್ತು. ಮೈಕಲ್ ಕೂಡ ಆ ಸುದ್ದಿ ಕೇಳುತ್ತಾನೆ.

ಫ್ಲೆಮಿಂಗೊಗಳು ಹುಟ್ಟುವಾಗ ಬೂದು ಬಣ್ಣದವು. ತಿನ್ನುವ ಪಾಚಿ, ಸೀಗಡಿಯಂಥ ಸಣ್ಣ ಜೀವಿಗಳಲ್ಲಿರುವ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯದಿಂದ ನಿಧಾನವಾಗಿ ಕೆಂಪಾಗುತ್ತವೆ. ಅಂದರೆ ಆ ಗುಲಾಬಿ ಬಣ್ಣ ತಿಂದು ಬಂದದ್ದು, ಗುಂಪಿನ ಜೊತೆ ಮೇಯುತ್ತ ಮೇಯುತ್ತ ಪಡೆದದ್ದು. ಕಪ್ಪು ಹಕ್ಕಿಯದು ಮೈಯೊಳಗಿನ ಮೆಲನಿನ್ ಹೆಚ್ಚಾಗಿ ಬಂದ ಬಣ್ಣ. ನಮ್ಮ ಚರ್ಮಕ್ಕೆ ಕಪ್ಪು ಕೊಡುವುದೂ ಅದೇ ಮೆಲನಿನ್. ಇದನ್ನು ನಮ್ಮ ಗುಂಪಿನ ವಿಜ್ಞಾನದ ಹುಡುಗಿ ವಿವರಿಸಿದಾಗ ಕವಿತೆ ಓದಿದ್ದಕ್ಕಿಂತ ಹೆಚ್ಚಿನ ಮೌನ ಕವಿದಿತ್ತು.

ಇನ್ನೊಂದು ಸ್ವಾರಸ್ಯ: ಅಕ್ರೊತಿರಿ ಇಂದಿಗೂ ಬ್ರಿಟನ್ನಿನ ಸೇನಾ ನೆಲೆ. ಸೈಪ್ರಸ್ ಬಿಟ್ಟು ಹೋಗುವಾಗಲೂ ಆ ತುಂಡು ನೆಲವನ್ನು ಬ್ರಿಟಿಷರು ತಮ್ಮ ಬಳಿಯೇ ಉಳಿಸಿಕೊಂಡರು. ಹಕ್ಕಿಗೆ ಇದೆಲ್ಲ ಗೊತ್ತಿರಲಿಲ್ಲ, ಪಾಪ.

ಕನ್ನಡದಲ್ಲಿ ಫ್ಲೆಮಿಂಗೊ ಎಂದರೆ ರಾಜಹಂಸ ತಾನೇ? ‘ಕಪ್ಪು ರಾಜಹಂಸ’ ಎನ್ನಬಹುದಲ್ಲ?

ಆಲಮಟ್ಟಿಯ ಹಿನ್ನೀರಿಗೆ ಫ್ಲೆಮಿಂಗೊ ಬಂದಾಗ ಪತ್ರಿಕೆಗಳು ರಾಜಹಂಸ ಎಂದೇ ಬರೆಯುತ್ತವೆ. ನಾನೂ ಮೊದಲು ಹಾಗೆಯೇ ಅನುವಾದಿಸಿ ಬಹಳ ಖುಷಿಪಟ್ಟಿದ್ದೆ. ಆಮೇಲೆ ಅನುಮಾನ ಬಂತು. ನಮ್ಮ ಕಾವ್ಯದ ಹಂಸ ಬೆಳ್ಳಗಿನ ಹಕ್ಕಿ. ಹಾಲನ್ನೂ ನೀರನ್ನೂ ಬೇರ್ಪಡಿಸುವ, ಪರಿಶುದ್ಧಿಯ ಪಾಠ ಹೇಳುವ ಹಕ್ಕಿ. ಮೈಕಲ್ ಹಾಲಿಗೆ ನೀರು ಬೆರೆತ ಹಾಗೆ ಬದುಕುವವನು. ಯಾವುದು ಗ್ರೀಕ್, ಯಾವುದು ಜಮೈಕಾ ಎಂದು ಅವನೊಳಗೆ ಕೊಕ್ಕು ಹಾಕಿ ಬೇರ್ಪಡಿಸಲು ಬಂದವರೇ ಅವನ ಕಷ್ಟ. ಆದ್ದರಿಂದ ಫ್ಲೆಮಿಂಗೊ ಎಂದೇ ಉಳಿಸಿಕೊಂಡೆ. ಹುಡುಗರಲ್ಲಿ ಇಬ್ಬರು ಒಪ್ಪಲಿಲ್ಲ. ಕಪ್ಪು ಎಂಬ ಪದ ಹಂಸದ ಪಕ್ಕ ಕೂತಾಗ ಆಗುವ ಕಸಿವಿಸಿಯೇ ಬೇಕಾದದ್ದು ಎಂಬುದು ಅವರ ವಾದ. ಅವರು ಹೇಳುವುದರಲ್ಲಿಯೂ ತಿರುಳಿದೆ.

ಇದು ಕಾದಂಬರಿಯೋ ಕವಿತೆಯೋ?

ಕವಿತೆಯಲ್ಲಿ ಹೇಳಿದ ಕಾದಂಬರಿ. ಇಂಗ್ಲಿಷಿನವರು ಇದನ್ನು ಹೊಸ ಪ್ರಕಾರವೆಂಬಂತೆ ಮಾತನಾಡುತ್ತಾರೆ. ಪಂಪನ ನಾಡಿನವರಿಗೆ, ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಪದ್ಯದಲ್ಲಿ ಕಥೆ ಹೇಳುವುದು ಹೊಸದೇನಲ್ಲ. ಹೊಸದು ಏನೆಂದರೆ ಇಲ್ಲಿ ಛಂದಸ್ಸಿಲ್ಲ, ಪ್ರಾಸ ವಿರಳ, ಒಂದೊಂದು ಕವಿತೆಯೂ ಒಂದೊಂದು ಸಣ್ಣ ಪ್ರಸಂಗ. ಸಾಲು ಮುರಿಯುವುದು ಉಸಿರಿಗೆ ತಕ್ಕಂತೆ. ಪುಟದಲ್ಲಿ ಖಾಲಿ ಜಾಗ ಧಾರಾಳ. ಓದಲು ಬೇಸರಪಡುವ ಹುಡುಗ ಕೂಡ ಒಂದು ಸಂಜೆಯಲ್ಲಿ ನೂರು ಪುಟ ದಾಟಿರುತ್ತಾನೆ. ಭಾರತದಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿರುವ ಅಂಶಿಕಾ ಖುಲ್ಲರ್ ಬರೆದ ಚಿತ್ರಗಳು ಪುಟಗಳ ನಡುವೆ ಗರಿ ಉದುರಿಸುತ್ತ ಹೋಗುತ್ತವೆ.

ಭಾಷೆ ತೀರಾ ಸರಳ. ಇದಕ್ಕೆಲ್ಲ ಕವಿತೆ ಎನ್ನುತ್ತಾರೆಯೇ?

ಕೇಳಿದವರು ಕನ್ನಡ ಎಂ.ಎ. ಮಾಡಿದ ನನ್ನ ಗೆಳತಿ. ಅವಳ ದೂರು ಪೂರ್ತಿ ಸುಳ್ಳಲ್ಲ. ಕೆಲವು ಪುಟಗಳು ಗದ್ಯವನ್ನು ಸಾಲು ಸಾಲಾಗಿ ಕತ್ತರಿಸಿಟ್ಟ ಹಾಗಿವೆ. ಆದರೆ ಅಟ್ಟಾ ವೇದಿಕೆಯ ಕವಿ ಎನ್ನುವುದನ್ನು ಮರೆಯಬಾರದು. ಕಿವಿಗಾಗಿ ಬರೆದದ್ದನ್ನು ಕಣ್ಣಿನಿಂದ ಮಾತ್ರ ಓದಿದರೆ ಅರ್ಧ ಸಿಗುತ್ತದೆ. ಅದೇ ಗೆಳತಿಯನ್ನು ಒಂದು ಶನಿವಾರ ಕರೆಸಿ ಗಟ್ಟಿಯಾಗಿ ಓದಿಸಿದೆ. ಮೂರನೆಯ ಪುಟಕ್ಕೆ ಅವಳ ದನಿ ತಾನಾಗಿ ಲಯ ಹಿಡಿಯಿತು. ಮುಗಿದ ಮೇಲೆ, “ವಚನಗಳನ್ನೂ ಹೀಗೇ ಅಂದಿದ್ದರಂತೆ, ಬರೀ ಗದ್ಯ ಅಂತ” ಎಂದು ಗೊಣಗಿ ಚಹಾ ಕುಡಿದಳು. ಅದನ್ನು ಸೋಲೊಪ್ಪಿದ ಮಾತು ಎಂದು ನಾನು ತಿಳಿದಿದ್ದೇನೆ.

ಮೈಕಲ್ ಅಂದರೆ ಅಟ್ಟಾ ಅವರೇ?

ಮನೆತನ, ಊರು, ಬ್ರೈಟನ್ ಕಡೆಯ ವಿದ್ಯಾಭ್ಯಾಸ, ಕವಿತೆ ಹೋಲುತ್ತವೆ. ಕಾಲ ಹೋಲುವುದಿಲ್ಲ, ವ್ಯತ್ಯಾಸವಿರುವುದು ಅಲ್ಲೇ.

1988ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಸೆಕ್ಷನ್ 28 ಎಂಬ ಕಾನೂನು ತಂದಿತು. ಸ್ಥಳೀಯ ಆಡಳಿತ ಸಂಸ್ಥೆಗಳು ಸಲಿಂಗ ಸಂಬಂಧವನ್ನು ‘ಉತ್ತೇಜಿಸಬಾರದು’, ಅದನ್ನು ಕುಟುಂಬವೆಂಬಂತೆ ಶಾಲೆಗಳಲ್ಲಿ ಕಲಿಸಬಾರದು ಎಂಬುದು ಅದರ ಸಾರ. ‘ಉತ್ತೇಜಿಸುವುದು’ ಎಂದರೆ ಏನು ಎಂದು ಯಾರಿಗೂ ಸ್ಪಷ್ಟವಿರಲಿಲ್ಲ. ಆದ್ದರಿಂದ ಶಿಕ್ಷಕರು ಬಾಯಿಯನ್ನೇ ಮುಚ್ಚಿಕೊಂಡರು. ಮಗುವೊಂದನ್ನು ‘ಆ ಥರ’ ಎಂದು ಉಳಿದವರು ಗೋಳು ಹೊಯ್ದುಕೊಂಡರೂ ಸಮಾಧಾನ ಹೇಳಲು ಹೆದರಿದರು. ಸ್ಕಾಟ್ಲೆಂಡ್ ಅದನ್ನು 2000ದಲ್ಲಿ ತೆಗೆದುಹಾಕಿತು, ಇಂಗ್ಲೆಂಡ್ ಮತ್ತು ವೇಲ್ಸ್ 2003ರ ನವೆಂಬರಿನಲ್ಲಿ. ಲೆಕ್ಕ ಹಾಕಿ ನೋಡಿ: ಅಟ್ಟಾ ನಾಲ್ಕರ ಆಸುಪಾಸಿನಲ್ಲಿದ್ದಾಗ ಬಂದ ಕಾನೂನು ಅವರು ಹತ್ತೊಂಬತ್ತರ ಆಸುಪಾಸಿಗೆ ಬಂದಾಗ ಹೋಯಿತು. ಅವರ ಇಡೀ ಶಾಲಾಜೀವನ ಆ ಮೌನದೊಳಗೆ ಕಳೆಯಿತು. ಮೈಕಲ್‌ನದು ಅದರ ನಂತರದ ಬಾಲ್ಯ. ತನಗೆ ಹದಿಮೂರರಲ್ಲಿ ಶಾಲೆಯ ಗ್ರಂಥಾಲಯದಲ್ಲಿ ಸಿಗದಿದ್ದ ಪುಸ್ತಕವನ್ನು ಒಬ್ಬ ಮನುಷ್ಯ ಮೂವತ್ತು ದಾಟಿದ ಮೇಲೆ ಕೂತು ಬರೆದಿದ್ದಾನೆ ಎಂದುಕೊಂಡು ಓದಿದರೆ ಆ ಸರಳ ಭಾಷೆ ಯಾಕೆಂದು ತಿಳಿಯುತ್ತದೆ.

ಶಿಕ್ಷಕಿಯಾಗಿದ್ದವಳು ನಾನು, ಒಂದು ಮಾತು ಒಪ್ಪಿಕೊಳ್ಳಬೇಕು. ನಮ್ಮಲ್ಲಿ ಹಾಗೊಂದು ಕಾನೂನು ಇರಲಿಲ್ಲ. ಆದರೂ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗನನ್ನು ಅವನ ನಡಿಗೆ ಹಿಡಿದು ಅಣಕಿಸುತ್ತಿದ್ದಾಗ ಬೋರ್ಡಿನ ಕಡೆ ತಿರುಗಿ ವ್ಯಾಕರಣ ಬರೆಯುತ್ತಿದ್ದೆ. ಅವನು ಹತ್ತನೆಯ ತರಗತಿಗೆ ಬರಲಿಲ್ಲ.

ಡ್ರ್ಯಾಗ್ ಎಂದರೆ ಏನು? ನಮ್ಮ ಯಕ್ಷಗಾನದ ಸ್ತ್ರೀವೇಷದಂತೆಯೇ?

ಅರ್ಥ ಮಾಡಿಕೊಳ್ಳಲು ಅದು ಒಳ್ಳೆಯ ಮೆಟ್ಟಿಲು, ಆದರೆ ಮೆಟ್ಟಿಲ ಮೇಲೆಯೇ ಕೂತುಬಿಡಬಾರದು. ಸ್ತ್ರೀವೇಷ ಕಟ್ಟಿದ ಕಲಾವಿದ ದ್ರೌಪದಿಯೋ ದಮಯಂತಿಯೋ ಆಗುತ್ತಾನೆ. ಪಾತ್ರ ಪುರಾಣದ್ದು, ಹೆಸರು ಅವನದ್ದಲ್ಲ, ರಂಗದ ಮೇಲೆ ಅವನು ಮರೆಯಾದಷ್ಟೂ ಗೆದ್ದಂತೆ. ಗುಬ್ಬಿ ಕಂಪನಿಯ ಕಾಲದ ಸ್ತ್ರೀಪಾತ್ರಧಾರಿಗಳದೂ ಅಷ್ಟೆ. ಡ್ರ್ಯಾಗ್‌ನಲ್ಲಿ ಕಲಾವಿದ ಒಂದು ಹೊಸ ವ್ಯಕ್ತಿಯನ್ನು ತಾನೇ ಹುಟ್ಟಿಸಿ, ತಾನೇ ನಾಮಕರಣ ಮಾಡಿ, ಅದರ ಮೂಲಕ ತನ್ನದೇ ಮಾತು ಆಡುತ್ತಾನೆ. ಬಣ್ಣ, ರೆಕ್ಕೆ, ಹೈಹೀಲ್ಸ್, ಹಾಡು, ಹಾಸ್ಯ, ಅತಿಶಯ ಎಲ್ಲವೂ ಉಂಟು. ಅಟ್ಟಾ ಸ್ವತಃ ಡ್ರ್ಯಾಗ್ ಕಲಿತು ವೇದಿಕೆ ಹತ್ತಿದವರು, ಹಾಗಾಗಿ ಬಣ್ಣದ ಕೋಣೆಯ ಪುಟಗಳಲ್ಲಿ ಕೇಳಿ ಬರೆದ ವಾಸನೆಯಿಲ್ಲ.

ಹಾಗಾದರೆ ಮೈಕಲ್ ಟ್ರಾನ್ಸ್‌ಜೆಂಡರ್ ವ್ಯಕ್ತಿಯೇ?

ಅಲ್ಲ. ತಾನು ಗಂಡೇ, ಗಂಡಾಗಿರುವುದರ ಬೇಲಿಯಿಂದ ಮಾತ್ರ ಬಿಡುಗಡೆ ಬೇಕು ಎನ್ನುವವನು ಅವನು. ಯಾರನ್ನು ಪ್ರೀತಿಸುತ್ತೇನೆ ಎನ್ನುವುದು ಒಂದು, ನಾನು ಗಂಡೋ ಹೆಣ್ಣೋ ಎರಡೂ ಅಲ್ಲವೋ ಎನ್ನುವುದು ಇನ್ನೊಂದು, ವೇದಿಕೆಯ ಮೇಲೆ ಏನು ತೊಡುತ್ತೇನೆ ಎನ್ನುವುದು ಮೂರನೆಯದು. ನಮ್ಮ ಮಾತಿನಲ್ಲಿ ಈ ಮೂರನ್ನೂ ಒಂದೇ ಗಂಟಿಗೆ ಕಟ್ಟಿ ನಗುವುದು ರೂಢಿಯಾಗಿದೆ. ಅಟ್ಟಾ ಅವರ ಇನ್ನೊಂದು ಪುಸ್ತಕದಲ್ಲಿ ಫಿನ್ಲೆ ಎಂಬ ಟ್ರಾನ್ಸ್ ಹುಡುಗ, ಅಂದರೆ ಹುಟ್ಟುವಾಗ ಹೆಣ್ಣೆಂದು ಕರೆಸಿಕೊಂಡು ತಾನು ಗಂಡು ಎಂದು ತಿಳಿದವನು, ಇದ್ದಾನೆ. ಎರಡನ್ನೂ ಓದಿದವರಿಗೆ ವ್ಯತ್ಯಾಸ ಯಾರೂ ಹೇಳಿಕೊಡದೆ ತಿಳಿಯುತ್ತದೆ.

ಇದನ್ನೆಲ್ಲ ಕನ್ನಡದಲ್ಲಿ ಯಾವ ಪದಗಳಲ್ಲಿ ಮಾತನಾಡಬೇಕು?

ನಮಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದೇ.

‘ಸಲಿಂಗಕಾಮಿ’ ಎಂದು ಪತ್ರಿಕೆಗಳು ಬರೆಯುತ್ತವೆ. ಮೈಕಲ್ ಶಾಲೆಯಲ್ಲಿ ಒಬ್ಬನ ಪಕ್ಕ ಕೂರಲು ಹಂಬಲಿಸುತ್ತಾನೆ. ಅದಕ್ಕೆ ಕಾಮ ಎಂಬ ಭಾರದ ಪದವೇಕೆ? ನನ್ನ ಯಜಮಾನರನ್ನು ಮದುವೆಮನೆಯಲ್ಲಿ ಯಾರಾದರೂ ‘ಇವರು ಭಿನ್ನಲಿಂಗಕಾಮಿ’ ಎಂದು ಪರಿಚಯಿಸಿದ್ದರೆ ಅವರು ಪಾಯಸದ ಎಲೆಯಿಂದ ಎದ್ದು ಹೋಗುತ್ತಿದ್ದರು. ‘ಸಲಿಂಗಪ್ರೇಮಿ’ ಸ್ವಲ್ಪ ಮೇಲು. ಮಕ್ಕಳು ‘ಗೇ’, ‘ಕ್ವಿಯರ್’ ಎಂದೇ ಹೇಳುತ್ತಾರೆ, ಬಸ್ಸು ಕನ್ನಡವಾದ ಹಾಗೆ ಅವೂ ಆಗುತ್ತವೆ. ಸಂಘಟನೆಗಳು ‘ಲೈಂಗಿಕ ಅಲ್ಪಸಂಖ್ಯಾತರು’ ಎನ್ನುತ್ತವೆ. ಅರ್ಜಿಗೆ ಸರಿ, ಕವಿತೆಗೆ ಒಗ್ಗದು. ಈ ವಿಷಯದಲ್ಲಿ ಕನ್ನಡಕ್ಕೆ ಉಸಿರಾಡುವ ಭಾಷೆಯೇ ಇಲ್ಲ ಎನ್ನುವವರಿಗೆ ನಾನು ವಸುಧೇಂದ್ರ ಅವರ ‘ಮೋಹನಸ್ವಾಮಿ’ಯನ್ನು ಕೈಗೆ ಕೊಡುತ್ತೇನೆ. 2013ರಲ್ಲಿ ಬಂದ ಆ ಕಥೆಗಳ ಭಾಷೆ ನಮ್ಮ ಪಕ್ಕದ ಮನೆಯ ಭಾಷೆ.

ಇಂಗ್ಲಿಷಿನ ರೇಸ್ ಎಂಬ ಪದ ಇನ್ನೂ ತೊಡಕಿನದು. ವರ್ಣ ಎಂದರೆ ಚಾತುರ್ವರ್ಣ್ಯ ನೆನಪಾಗುತ್ತದೆ. ಜನಾಂಗ ಎಂದರೆ ನಮ್ಮ ಪತ್ರಿಕೆಗಳಲ್ಲಿ ಜಾತಿ ಎಂದೇ ಅರ್ಥ, ‘ಹಿಂದುಳಿದ ಜನಾಂಗ’ದ ಸಭೆಗಳ ವರದಿ ಓದಿದವರಿಗೆ ಗೊತ್ತು. ಪದದ ಈ ಗೊಂದಲ ಅಪ್ರಯೋಜಕವೇನಲ್ಲ. ‘ಅವರ ಜನಾಂಗ ದ್ವೇಷ’ ಎಂದು ದೂರದ ಊರಿನ ಕಡೆ ಬೆರಳು ತೋರಿಸುವಾಗ ಪದವೇ ಬೆರಳನ್ನು ಹಿಂದಕ್ಕೆ ಮಡಿಸುತ್ತದೆ. ಇನ್ನು ಕಪ್ಪು ಬಣ್ಣದ ಮಾತು: ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ‘ನೀಗ್ರೋ’ ಎಂದು ಯೋಚಿಸದೆ ಬರೆಸುತ್ತಿದ್ದೆ. ಈಗ ‘ಕಪ್ಪು ಜನ’ ಎನ್ನುತ್ತೇನೆ. ವಧು ಬೇಕಾಗಿದ್ದಾಳೆ ಎಂಬ ಜಾಹೀರಾತಿನಲ್ಲಿ ‘ಗೌರವರ್ಣ’ ಕೇಳುವ ನಾಡಿನಲ್ಲಿ ಈ ಪುಸ್ತಕದ ಹೆಸರಿನ ಮೊದಲ ಪದವೇ ಒಂದು ಪಾಠದಷ್ಟು ಮಾತು ಹುಟ್ಟಿಸುತ್ತದೆ.

ಇಂಥ ಪುಸ್ತಕ ಓದಿದರೆ ಮಕ್ಕಳು ಹಾಗೆಯೇ ಆಗಿಬಿಡುತ್ತಾರೆಯೇ?

ಇಲ್ಲ. ಜೀವಮಾನವಿಡೀ ರಾಜಕುಮಾರ ರಾಜಕುಮಾರಿಯರ ಕಥೆಯನ್ನೇ ಕೇಳಿ ಬೆಳೆದ ಗೇ ಮಕ್ಕಳು ಅದರಿಂದ ಬದಲಾಗಲಿಲ್ಲವಲ್ಲ. ನಮ್ಮ ದೇಶದ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯಿಂದ ಕೂಡಿದ ವಯಸ್ಕರ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪಿತ್ತಿದೆ. ಈ ಮಾತನ್ನು ಹೇಳಿದಾಗ ಒಬ್ಬ ತಂದೆ, “ಕಾನೂನು ಬಿಡಿ ಮೇಡಂ, ನೆಂಟರು ಏನನ್ನುತ್ತಾರೆ” ಎಂದರು. ಅವರ ಮಗ ಇಂದಿಗೂ ಶನಿವಾರ ಬರುತ್ತಾನೆ. ಬಿಟ್ಟು ಹೋಗಲೂ ಸ್ಕೂಟರಿನಲ್ಲಿ ಅವರೇ ಬರುತ್ತಾರೆ.

ಯಾವ ವಯಸ್ಸಿನವರಿಗೆ ಕೊಡಬಹುದು?

‘ದಿ ಬ್ಲ್ಯಾಕ್ ಫ್ಲೆಮಿಂಗೊ’ವನ್ನು ನಾನು ಹದಿನಾಲ್ಕು ದಾಟಿದವರಿಗೆ ಕೊಡುತ್ತೇನೆ. ಬೈಗುಳ, ಹೀಯಾಳಿಕೆ, ದೇಹದ ಆಕರ್ಷಣೆಯ ಮಾತು ಇವೆ. ನಮ್ಮ ಮಕ್ಕಳ ಮೊಬೈಲಿನಲ್ಲಿ ಇರುವುದಕ್ಕೆ ಹೋಲಿಸಿದರೆ ಇದು ಭಜನಾ ಮಂಡಳಿ. ಆದರೂ ನೀವು ಮೊದಲು ಓದಿ.

ತರಗತಿಯಲ್ಲಿ ಬಳಸಲು ಒಂದು ಕವಿತೆ ಸೂಚಿಸಿ.

ತಾನು ಎಲ್ಲಿಂದ ಬಂದೆ ಎಂದು ಹೇಳಿಕೊಳ್ಳುವ ಅವರ ಕವಿತೆ. ಬ್ರಿಟನ್ನಿನ ಶಾಲೆಗಳಲ್ಲಿ ಜನಪ್ರಿಯ. ಅದು ಊಟದ ಪಟ್ಟಿಯಿಂದ ಶುರುವಾಗುತ್ತದೆ: ಇಂಗ್ಲಿಷರ ಭಾನುವಾರದ ಹುರಿದ ಮಾಂಸ, ಜಮೈಕಾದ ಖಾರದ ಕೋಳಿ, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಸೈಪ್ರಸ್ ತಿನಿಸು, ಎಲ್ಲ ಒಂದೇ ತಟ್ಟೆಯಲ್ಲಿ. ಆಮೇಲೆ ಮಾತುಗಳು, ಮೌನಗಳು, ಹೋಗಿಬಿಟ್ಟವರು. ‘ನಾನು ಇಂಥವನು’ ಎಂದು ಒಂದು ಸಲವೂ ಘೋಷಿಸದೆ ಇಡೀ ಮನುಷ್ಯ ಕಣ್ಣ ಮುಂದೆ ನಿಲ್ಲುತ್ತಾನೆ.

ನಾವು ಅದೇ ಹಾದಿಯಲ್ಲಿ ಬರೆದೆವು. ಒಬ್ಬಳು ಅಜ್ಜಿಯ ಎಲೆ ಅಡಿಕೆ ಚೀಲದಿಂದ ಬಂದೆ ಎಂದಳು. ಒಬ್ಬ, ಅಪ್ಪನ ಗ್ಯಾರೇಜಿನ ಗ್ರೀಸಿನಿಂದ ಮತ್ತು ಅಮ್ಮ ಅರ್ಧಕ್ಕೆ ಬಿಟ್ಟ ಬಿ.ಎಸ್ಸಿ.ಯಿಂದ. ಇನ್ನೊಬ್ಬ ಮನೆಯಲ್ಲಿ ಮಾಡುವ ಅಡುಗೆಯ ಹೆಸರು ಬರೆದು, ಹೊಡೆದುಹಾಕಿ, ಮತ್ತೆ ಬರೆದ. ತಾನು ಗೇ ಎಂದು ಬಾಯಿಬಿಟ್ಟು ಹೇಳಿಕೊಳ್ಳುವುದನ್ನು ಇಂಗ್ಲಿಷಿನಲ್ಲಿ ‘ಹೊರಬರುವುದು’ ಎನ್ನುತ್ತಾರೆ; ಇಂಥದ್ದನ್ನು ತಿನ್ನುವವರು ಎಂದು ಹೇಳಿಕೊಳ್ಳುವುದೂ ನಮ್ಮೂರಿನಲ್ಲಿ ಅಂಥದೊಂದು ಹೊರಬರುವಿಕೆ. ಶಿಕ್ಷಕರಿಗೆ ಒಂದೇ ಎಚ್ಚರಿಕೆ: ಬರೆದದ್ದನ್ನು ಗಟ್ಟಿಯಾಗಿ ಓದಿ ಎಂದು ಯಾರನ್ನೂ ಒತ್ತಾಯಿಸಬೇಡಿ.

ಪ್ರಶಸ್ತಿ ಬಂದಿದೆಯೇ?

ಬಂದಿದೆ. ಅಮೆರಿಕದ ಗ್ರಂಥಾಲಯ ಸಂಘ ಕೊಡುವ ಸ್ಟೋನ್‌ವಾಲ್ ಪುಸ್ತಕ ಪ್ರಶಸ್ತಿ, 2020ರಲ್ಲಿ. ಅದೇ ವರ್ಷ ಮಕ್ಕಳ ಪುಸ್ತಕಗಳಿಗೆ ಕೊಡುವ ಬ್ರಿಟನ್ನಿನ ಕಾರ್ನೆಗಿ ಪದಕದ ಅಂತಿಮ ಪಟ್ಟಿಯಲ್ಲಿಯೂ ಇತ್ತು.

ಉಳಿದ ಪುಸ್ತಕಗಳು ಯಾವುವು?

‘ಓನ್ಲಿ ಆನ್ ದಿ ವೀಕೆಂಡ್ಸ್’ 2022ರಲ್ಲಿ ಬಂತು. ಮ್ಯಾಕ್ ಎಂಬ ಹುಡುಗ, ಬ್ಯಾಸ್ಕೆಟ್‌ಬಾಲ್ ಆಡುವ ಕರೀಮ್, ಗ್ಲಾಸ್ಗೊದಲ್ಲಿ ಸಿಗುವ ಫಿನ್ಲೆ, ಈ ಮೂವರ ಪ್ರೇಮದ ತಾಕಲಾಟ. ಕರೀಮ್‌ಗೆ ಸಂಬಂಧ ಗುಟ್ಟಾಗಿರಬೇಕು, ಮ್ಯಾಕ್‌ಗೆ ಗುಟ್ಟು ಸಾಕಾಗಿದೆ. ಅದೇ ವರ್ಷ ದೊಡ್ಡವರಿಗಾಗಿ ಕವನ ಸಂಕಲನವೂ ಬಂತು. 2024ರಲ್ಲಿ ಪುಟ್ಟ ಮಕ್ಕಳಿಗೆ ‘ಕಾನ್‌ಫೆಟಿ’ ಎಂಬ ಚಿತ್ರಪುಸ್ತಕ, ಚಿತ್ರಗಳು ಅಲಿಯಾ ಮಾರ್ಲೆ ಅವರವು. ಅದೇ ವರ್ಷ ತಮ್ಮ ದೇಹವನ್ನೇ ಕುರಿತು ಬರೆದ ಆತ್ಮಕಥನ ‘ಪರ್ಸನ್ ಅನ್‌ಲಿಮಿಟೆಡ್’, ಇದು ಮಕ್ಕಳಿಗಲ್ಲ. 2025ರಲ್ಲಿ ಹದಿಹರೆಯದವರಿಗೆ ಮತ್ತೊಂದು ಪದ್ಯ ಕಾದಂಬರಿ. ಆರಂಭಿಸುವುದಾದರೆ ಫ್ಲೆಮಿಂಗೊದಿಂದಲೇ ಆರಂಭಿಸಿ.

ನಿಮಗೆ ಇಷ್ಟವಾಗದ್ದು ಏನೂ ಇಲ್ಲವೇ?

ಇದೆ. ಮೈಕಲ್‌ನ ಸುತ್ತಲಿನವರು ಕೆಲವೊಮ್ಮೆ ಅವನಿಗೆ ಪಾಠ ಕಲಿಸಲು ಅಥವಾ ಅವನಿಂದ ಪಾಠ ಕಲಿಯಲು ಮಾತ್ರ ಬಂದವರ ಹಾಗೆ ಕಾಣುತ್ತಾರೆ. ವಿಶ್ವವಿದ್ಯಾಲಯದ ಭಾಗದಲ್ಲಿ ಎಲ್ಲರೂ ಬಹಳ ಬೇಗ ಒಳ್ಳೆಯವರಾಗುತ್ತಾರೆ. ಹಣದ ಚಿಂತೆ ಹೆಚ್ಚು ಕಾಡುವುದಿಲ್ಲ. ನಮ್ಮ ಗುಂಪಿನ ಒಬ್ಬ ಹುಡುಗ ಹೇಳಿದ್ದು ನೇರವಾಗಿತ್ತು: “ಅವನಿಗೆ ಬ್ರೈಟನ್ ಇದೆ. ನನಗೆ ಸಂಜೆ ಆರಕ್ಕೆ ಕೊನೆಯ ಬಸ್ಸು.” ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ, ಪುಸ್ತಕದ ಬಳಿಯೂ ಇಲ್ಲ. ಆದರೆ ಆ ಸಾಲನ್ನು ಅವನು ತನ್ನ ಕವಿತೆಯಲ್ಲಿ ಹಾಕಿಕೊಂಡ.

ಮಗನ ಹಾಸಿಗೆಯ ಕೆಳಗೆ ಈ ಪುಸ್ತಕ ಸಿಕ್ಕಿತು. ಏನು ಮಾಡಲಿ?

ಇದನ್ನು ಒಬ್ಬ ತಾಯಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಪಿಸುಮಾತಿನಲ್ಲಿ ಕೇಳಿದ್ದರು. ನಾನು ಹೇಳಿದ್ದು ಇಷ್ಟು. ಗುರುತಿಗೆ ಇಟ್ಟ ಬಸ್ ಟಿಕೆಟ್ ಯಾವ ಪುಟದಲ್ಲಿದೆಯೋ ನೋಡಿಕೊಳ್ಳಿ, ಅದು ಜಾರದಂತೆ ಅಲ್ಲೇ ಇರಿಸಿ. ಪುಸ್ತಕವನ್ನು ಸಿಕ್ಕಿದ ಜಾಗದಲ್ಲೇ ಇಟ್ಟುಬಿಡಿ. ಅವನು ಓದಿ ಮುಗಿಸಲಿ. ನಿಮಗೆ ಇನ್ನೊಂದು ಪ್ರತಿ ನಾನು ಕೊಡುತ್ತೇನೆ.

ಮರುದಿನ ಅವರು ಬಂದು ತೆಗೆದುಕೊಂಡು ಹೋದರು. ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲವಂತೆ, ಒಂದೊಂದು ಪುಟವಾಗಿ ಓದುತ್ತಿದ್ದಾರೆ. ಅರ್ಥವಾಗದ ಪದಗಳಿಗೆ ಮಗನನ್ನೇ ಕೇಳಬಹುದೇ ಎಂದು ಮೊನ್ನೆ ಕೇಳಿದರು.